ನಾಯಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರೇಷ್ಮೆ ಹುಳು ಸಾಕುತ್ತಾನೆ. ಕಳೆದ ವರ್ಷ ಒಂದು ಸಂಜೆ ಅವನಿಂದ ಫೋನು ಬಂತು. "ಮೇಷ್ಟ್ರೇ, ಹುಳು ನಾಲ್ಕನೇ ಜ್ವರದಿಂದ ಎದ್ದಿದೆ. ಬೆಕ್ಕು ನೋಡಿದರೆ ಮನೆ ಬಿಟ್ಟು ಹೋಗಿದೆ. ಏನು ಮಾಡೋದು ಹೇಳಿ" ಎಂದ.

ಈ ಎರಡು ಮಾತಿಗೆ ಏನು ಸಂಬಂಧ ಎಂದು ಪೇಟೆಯ ಓದುಗರು ಕೇಳಬಹುದು. ಹುಳು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿದ ಮೇಲೆ ಸುಮಾರು ಒಂದು ವಾರ ಹುಳು ಹಗಲು ರಾತ್ರಿ ಸೊಪ್ಪು ತಿಂದು ಬೆಳೆದು, ಹಣ್ಣಾಗಿ, ಚಂದ್ರಿಕೆ ಸೇರುತ್ತದೆ. ಅಲ್ಲಿಯವರೆಗಿನ ಸೊಪ್ಪು, ಕೂಲಿ, ಸಾಲ ಎಲ್ಲವೂ ಆ ಒಂದು ವಾರವನ್ನು ನೆಚ್ಚಿಕೊಂಡಿರುತ್ತದೆ. ಇಲಿಗಳಿಗಂತೂ ಆ ಮೆತ್ತನೆಯ ಹುಳುಗಳೆಂದರೆ ಹಬ್ಬದೂಟ. ಹುಳುಮನೆಯೊಳಗೆ ಪಾಷಾಣ ಇಡಲು ಅವನಿಗೆ ಧೈರ್ಯವಿಲ್ಲ. ಹೀಗಾಗಿ ಆ ಮನೆಯಲ್ಲಿ ಬೆಕ್ಕು ಮುದ್ದಿನ ಪ್ರಾಣಿಯಲ್ಲ, ಕಾವಲುಗಾರ್ತಿ. ಅದರ ಹೆಸರು ಕೆಂಪಿ. ಆಗ ಅದಕ್ಕೆ ಐದು ವಾರದ ಎರಡು ಮರಿಗಳಿದ್ದವು.

ಕೆಂಪಿ ಮನೆ ಬಿಡಲು ಕಾರಣ ಒಂದು ನಾಯಿಮರಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ಒಂಬತ್ತು ವಾರದ ಬಿಳಿ ಬುಲ್ ಟೆರಿಯರ್ ಮರಿಯೊಂದನ್ನು ಕೊಂಡು ತಂದಿದ್ದ. ಮೊಟ್ಟೆಯಂತೆ ನೀಳವಾದ ಮುಖ, ತ್ರಿಕೋನಾಕಾರದ ಪುಟ್ಟ ಕಣ್ಣು. ಬಂದ ಕೂಡಲೇ, "ಪರಿಚಯ ಮಾಡ್ಕೊಳ್ಲಿ" ಎಂದು ಅದನ್ನು ತಾಯಿಬೆಕ್ಕಿನ ಮುಂದೆಯೇ ಇಳಿಸಿದ. ಬೆಕ್ಕು ಬೆನ್ನು ಕಮಾನು ಮಾಡಿ ಬುಸುಗುಟ್ಟಿತು. ಮರಿ ಬಾಲ ಅಲ್ಲಾಡಿಸುತ್ತಾ ನೇರ ಮೇಲೆಯೇ ಹೋಯಿತು. ಮೂಗಿನ ಮೇಲೆ ಪರಚಿಸಿಕೊಂಡು ಕಿರುಚಿತು. ಅರ್ಧ ಗಂಟೆಯೊಳಗೆ ಕೆಂಪಿ ಎರಡು ಮರಿಗಳನ್ನೂ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಪಕ್ಕದ ಮನೆಯ ಅಟ್ಟ ಸೇರಿತು. ಆ ರಾತ್ರಿಯೇ ಇಲಿಗಳು ತಟ್ಟೆಗಳಿಗೆ ಬಂದವು.

"ಈ ಜಾತಿ ಇಲಿ ಹಿಡಿಯೋಕೆ ಹೆಸರುವಾಸಿಯಂತೆ, ಬೆಕ್ಕು ಯಾಕೆ ಬೇಕು?" ಎಂದು ತಮ್ಮನ ವಾದ. ಮಾತು ಸುಳ್ಳಲ್ಲ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಜೇಮ್ಸ್ ಹಿಂಕ್ಸ್ ಎಂಬಾತ ರೂಪಿಸಿದ ತಳಿ ಇದು. ಅದರ ಪೂರ್ವಜರನ್ನು ಲಂಡನ್ನಿನಲ್ಲಿ ಇಲಿ ಕೊಲ್ಲುವ ಪಂದ್ಯಕ್ಕೆ ಬಿಡುತ್ತಿದ್ದರು. 1823ರಲ್ಲಿ ಬಿಲ್ಲಿ ಎಂಬ ನಾಯಿ ನೂರು ಇಲಿಗಳನ್ನು ಐದೂವರೆ ನಿಮಿಷದಲ್ಲಿ ಕೊಂದದ್ದು ದಾಖಲಾಗಿದೆ. ಆದರೆ ಅದು ಪಂದ್ಯದ ಹಳ್ಳ, ಇದು ಹುಳುಮನೆ. ಒಂದು ಇಲಿಯ ಹಿಂದೆ ಇಪ್ಪತ್ತೈದು ಕಿಲೋ ತೂಕದ ನಾಯಿ ನುಗ್ಗಿದರೆ ತಟ್ಟೆಗಳ ಅಟ್ಟಣೆಯೇ ನೆಲಕ್ಕೆ ಬೀಳುತ್ತದೆ.

ನಾಯಿಗೂ ಬೆಕ್ಕಿಗೂ ಹುಟ್ಟಾ ವೈರ ಎಂದು ನಾವೆಲ್ಲ ನಂಬಿದ್ದೇವೆ. 1930ರಲ್ಲಿ ಚೀನಾದ ವಿಜ್ಞಾನಿ ಕ್ವೋ ಪ್ರಕಟಿಸಿದ ಪ್ರಯೋಗವನ್ನು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ತಾಯಿ ಇಲಿ ಕೊಲ್ಲುವುದನ್ನು ನೋಡುತ್ತಾ ಬೆಳೆದ 21 ಬೆಕ್ಕಿನ ಮರಿಗಳಲ್ಲಿ 18 ಇಲಿ ಕೊಂದವು. ಇಲಿಯ ಜೊತೆಗೇ ಒಂದೇ ಗೂಡಿನಲ್ಲಿ ಬೆಳೆದ 18ರಲ್ಲಿ ಕೊಂದದ್ದು ಮೂರು ಮಾತ್ರ. ಬೆಕ್ಕು ಇಲಿಯ ವಿಷಯದಲ್ಲೇ ಹೀಗಾದರೆ, ನಾಯಿ ಬೆಕ್ಕಿನ ವಿಷಯದಲ್ಲಿ ಕೇಳಬೇಕೆ?

ಆದರೆ ಇದಕ್ಕೆ ಕಾಲಮಿತಿ ಇದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ನಾಯಿಮರಿ ಯಾರನ್ನು ತನ್ನವರೆಂದು ಒಪ್ಪಿಕೊಳ್ಳಬೇಕೆಂದು ಕಲಿಯುವುದು ಮುಖ್ಯವಾಗಿ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಬೆಕ್ಕಿನ ಮರಿಗೆ ಈ ಅವಧಿ ಇನ್ನೂ ಚಿಕ್ಕದು: ಎರಡನೇ ವಾರದಿಂದ ಏಳನೇ ವಾರ. ನಮ್ಮ ನಾಯಿಮರಿಗೆ ಮೂರು ವಾರ ಉಳಿದಿತ್ತು, ಬೆಕ್ಕಿನ ಮರಿಗಳಿಗೆ ಎರಡೇ ವಾರ. ಕೆಂಪಿಯದು ಎಂದೋ ಮುಗಿದಿತ್ತು. ಬೆಳೆದ ಬೆಕ್ಕು ಕಲಿಯುವುದೇ ಇಲ್ಲ ಎಂದಲ್ಲ, ನಿಧಾನ. ಇಸ್ರೇಲಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೂ ಬೆಕ್ಕು ಮೊದಲು ಬಂದು ನಾಯಿ ಆಮೇಲೆ ಬಂದ ಮನೆಗಳಲ್ಲಿ ಹೊಂದಾಣಿಕೆ ಹೆಚ್ಚು ಎಂದಿದೆ.

ಭಾನುವಾರ ನಾನೇ ಹೋದೆ. ಮೊದಲ ಕೆಲಸ ನಾಯಿಮರಿಯನ್ನು ನಡುಮನೆಯಿಂದ ಪಡಸಾಲೆಯ ಪಕ್ಕದ ಕೋಣೆಗೆ ಹಾಕಿದ್ದು. ಕೋಳಿಗೂಡಿಗೆಂದು ತಂದಿದ್ದ ತಂತಿಜಾಲರಿಯನ್ನು ಮರದ ಚೌಕಟ್ಟಿಗೆ ಹೊಡೆದು ಬಾಗಿಲಿಗೆ ಅಡ್ಡ ನಿಲ್ಲಿಸಿದೆವು. ಕೆಂಪಿಯ ಊಟದ ತಟ್ಟೆಯನ್ನು ನೆಲದಿಂದ ತೆಗೆದು ಕಣಜದ ಮೇಲಿಟ್ಟೆವು. ಅಟ್ಟಕ್ಕೆ ಹತ್ತಲು ಒಂದು ಹಲಗೆ ಒರಗಿಸಿದೆವು. ಓಡಿಹೋಗಲು ಮೇಲೊಂದು ಜಾಗ ಇದೆ ಎಂದು ಗೊತ್ತಿರುವ ಬೆಕ್ಕು ಓಡುವುದಿಲ್ಲ. ಇದೇ ಇಡೀ ವಿಷಯದ ಮರ್ಮ. ಯಾಕೆಂದರೆ ನಾಯಿಯನ್ನು ಕೆರಳಿಸುವುದು ಬೆಕ್ಕಲ್ಲ, ಬೆಕ್ಕಿನ ಓಟ. ಕಣ್ಣಿಡು, ಹಿಂಬಾಲಿಸು, ಅಟ್ಟು, ಹಿಡಿ ಎಂಬ ಬೇಟೆಯ ಸರಪಣಿ ಎದುರಿನದು ಓಡಿದ ಕ್ಷಣ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ದ್ವೇಷವೇನೂ ಇರುವುದಿಲ್ಲ. ಟೆರಿಯರ್‌ಗಳಲ್ಲಿ ಈ ಸರಪಣಿ ಬಲವಾಗಿದೆ. ಹಿಡಿದದ್ದನ್ನು ಒಮ್ಮೆ ಕೊಡವಿದರೆ ಸಾಕು, ಮೂರು ಕಿಲೋ ಬೆಕ್ಕಿನ ಕತ್ತು ಮುರಿಯುತ್ತದೆ.

ಆಮೇಲೆ ವಾಸನೆ. ನಾಯಿಮರಿ ಮಲಗಿದ ಗೋಣಿಚೀಲವನ್ನು ಬೆಕ್ಕಿನ ತಟ್ಟೆಯ ಬಳಿಗೆ, ಬೆಕ್ಕಿನ ಬಟ್ಟೆಯನ್ನು ನಾಯಿಯ ಕೋಣೆಗೆ. ಮೂರನೇ ದಿನ ಕೆಂಪಿ ಹಿಂದಿರುಗಿ ಗೋಣಿಯನ್ನು ಮೂಸಿ, ಬುಸುಗುಟ್ಟಿ, ಪಕ್ಕದಲ್ಲೇ ಕೂತು ಮೀನಿನ ತಲೆ ತಿಂದಿತು. ಆ ರಾತ್ರಿ ಹುಳುಮನೆಗೂ ಹೋಯಿತು. ಬೆಳಿಗ್ಗೆ ಹೊಸ್ತಿಲ ಮೇಲೆ ಎರಡು ಇಲಿ. ಐದನೇ ದಿನ ಮರಿಗಳನ್ನೂ ಹೊತ್ತು ತಂದಿತು.

ಈ ನಡುವೆ ದೊಡ್ಡ ಅನಾಹುತವೊಂದು ತಪ್ಪಿತು. ನಾಯಿಮರಿಯ ಮೈಮೇಲೆ ಚಿಗಟ ಕಂಡು ತಮ್ಮ ನಾಯಿಗೆ ಹಚ್ಚುವ ಔಷಧಿ ತಂದಿದ್ದ. ಡಬ್ಬಿಯ ಮೇಲೆ ಪರ್ಮೆಥ್ರಿನ್ ಎಂದಿತ್ತು. ನಾಯಿಗೆ ಅದು ನಿರಪಾಯ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ; ನಾಯಿಯ ಮೈಯಿಂದ ತಗುಲಿಸಿಕೊಂಡು ನೆಕ್ಕಿದರೂ ನಡುಕ, ಸೆಳೆತ ಬಂದು ಸಾಯಬಹುದು. ರೇಷ್ಮೆ ಹುಳುವಂತೂ ಸ್ವತಃ ಕೀಟ. ಆ ಕೈಯಲ್ಲೇ ಸೊಪ್ಪು ಹಾಕಿದ್ದರೆ ನಾಯಿ ಒಂದನ್ನು ಬಿಟ್ಟು ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಡಬ್ಬಿಯನ್ನು ನಾನೇ ಜೇಬಿಗೆ ಹಾಕಿಕೊಂಡೆ. ಚಿಗಟಕ್ಕೆ ಬಾಚಣಿಗೆ, ಸಾಬೂನು ನೀರು. ಉಳಿದದ್ದಕ್ಕೆ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮರಿಗೆ ಪಾರ್ವೊ ಲಸಿಕೆ, ಮೂರು ತಿಂಗಳಾದ ಮೇಲೆ ನಾಯಿ ಬೆಕ್ಕು ಎರಡಕ್ಕೂ ರೇಬಿಸ್ ಲಸಿಕೆ ಹಾಕಿಸಲು ಹೇಳಿದೆ. ಬೆಕ್ಕಿಗೆ ಯಾರು ಸೂಜಿ ಹಾಕಿಸುತ್ತಾರೆ ಎಂದು ಮನೆಯವರು ನಕ್ಕರು. ಬೆಕ್ಕು ಪರಚಿದರೂ ಕಚ್ಚಿದರೂ ರೇಬಿಸ್ ಬರಬಹುದು.

ಒಂದು ವಿಷಯ ಮಾತ್ರ ನನ್ನ ತಲೆ ಕೊರೆಯುತ್ತಿತ್ತು. ಮೊದಲ ದಿನ ಅಷ್ಟು ಜೋರಾಗಿ ಬುಸುಗುಟ್ಟಿದರೂ ಮರಿ ಹಿಂಜರಿಯಲಿಲ್ಲ ಏಕೆ? ಕರೆದರೆ ಬರುವುದಿಲ್ಲ, "ಮಹಾ ಹಟಮಾರಿ" ಎನ್ನುತ್ತಿದ್ದರು. ಮರಿ ಮಲಗಿದ್ದಾಗ ಹಿಂದಿನಿಂದ, ಗಾಳಿ ತಾಗದಂತೆ, ನೆಲ ಅದುರದಂತೆ ಪೂಜೆಯ ಗಂಟೆ ಬಾರಿಸಿದೆ. ಅಲುಗಲಿಲ್ಲ. ಮೂರು ಸಲ ನೋಡಿದೆ. ಬೆರಳಿನಿಂದ ಮುಟ್ಟಿದ್ದೇ ತಡ, ದಡಕ್ಕನೆ ಎದ್ದಿತು. ಮರಿ ಕಿವುಡು.

ಬಿಳಿ ಬುಲ್ ಟೆರಿಯರ್‌ಗಳಲ್ಲಿ ಸುಮಾರು ಐದಕ್ಕೊಂದು ಒಂದು ಕಿವಿಯಲ್ಲೋ ಎರಡರಲ್ಲೋ ಕಿವುಡು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೇ ಒಳಕಿವಿಯ ಆರೋಗ್ಯಕ್ಕೂ ಬೇಕು. ಅವು ಅಲ್ಲಿಗೆ ತಲುಪದಿದ್ದರೆ ಕೇಳಿಸಿಕೊಳ್ಳುವ ಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ನೀಲಿ ಕಣ್ಣಿನ ಬೆಕ್ಕುಗಳ ಕಿವುಡುತನವನ್ನು ಡಾರ್ವಿನ್ 1859ರಲ್ಲೇ ಗುರುತಿಸಿದ್ದ. ಮಾರಿದವನು ಇದನ್ನು ಹೇಳಿರಲಿಲ್ಲ. ಹಿಂದಿರುಗಿಸೋಣವೇ ಎಂಬ ಮಾತೂ ಬಂತು. ಅಷ್ಟರಲ್ಲಿ ಮನೆಯ ಅಜ್ಜಿಗೆ ಅದರ ಮೇಲೆ ಮಮತೆ ಹುಟ್ಟಿಬಿಟ್ಟಿತ್ತು. "ನನಗೂ ಕಿವಿ ಕೇಳಲ್ಲ, ನನ್ನನ್ನೂ ವಾಪಸ್ಸು ಕೊಡ್ತೀರಾ?" ಎಂದರು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಸಲಹೆಯೂ ಅವರದೇ. ನಾಯಿಗೆ ಕೇಳದ ಆ ಗಂಟೆ ಇಲಿಗಳಿಗೆ ಚೆನ್ನಾಗಿ ಕೇಳಿಸುತ್ತದೆ ಎಂದು ತಿಳಿಹೇಳಬೇಕಾಯಿತು.

ಹಾಗಾಗಿ ಪಾಠವೆಲ್ಲ ಕೈಸನ್ನೆಯಲ್ಲಿ. ಅಂಗೈ ಎತ್ತಿದರೆ ಕೂರು, ತೊಡೆ ತಟ್ಟಿದರೆ ಬಾ. ಜಾಲರಿಯಾಚೆ ಬೆಕ್ಕು ಹಾದುಹೋದಾಗ ಮರಿ ಅದನ್ನು ಬಿಟ್ಟು ನಮ್ಮ ಮುಖ ನೋಡಿದರೆ ಒಂದು ಚೂರು ಬೇಯಿಸಿದ ಮೊಟ್ಟೆ. ಎರಡನೇ ವಾರ ಹಗ್ಗ ಕಟ್ಟಿ ಒಂದೇ ಕೋಣೆಯಲ್ಲಿ, ದಿನಕ್ಕೆ ಹತ್ತು ನಿಮಿಷ. ಕೆಂಪಿ ಬುಸುಗುಟ್ಟುವುದು ಕೇಳದಿದ್ದರೂ ಹಿಂದಕ್ಕೆ ಮಡಚಿದ ಕಿವಿ, ಪಟಪಟನೆ ಬಡಿಯುವ ಬಾಲ ಕಣ್ಣಿಗೆ ಕಾಣುತ್ತದಲ್ಲ! ನಾಯಿ ಬಾಲ ಬೀಸಿದರೆ ಸಾಮಾನ್ಯವಾಗಿ ಸಲುಗೆ, ಬೆಕ್ಕು ಬೀಸಿದರೆ ಸಿಟ್ಟು. ಮರಿ ಈ ಭಾಷಾಂತರವನ್ನು ಮೂರೇ ವಾರದಲ್ಲಿ ಕಲಿಯಿತು. ಇನ್ನೆರಡು ಸಲ ಪರಚಿಸಿಕೊಂಡಿತು ಎನ್ನಿ.

ಇಂಥ ನಾಯಿಗೆ ನಿಷೇಧ ಇದೆಯಂತೆ ಎಂದು ಪಕ್ಕದ ಮನೆಯವರು ಕೇಳಿದ್ದುಂಟು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆರಿಯರ್‌ಗಳೂ ಸೇರಿದಂತೆ ಹಲವು ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಭಯಪಡಲು ಕಾರಣವೇ ಇಲ್ಲ ಎಂದು ನಾನೂ ಹೇಳುವುದಿಲ್ಲ. ಬೀದಿಗೆ ಬಂದಾಗ ಹಗ್ಗ ಇರಲೇಬೇಕು, ಕಿವಿ ಕೇಳದ ನಾಯಿಗೆ ಇನ್ನೂ ಹೆಚ್ಚಾಗಿ.

ಈಗ ಅದಕ್ಕೆ ಹತ್ತು ತಿಂಗಳು. ಅಂದು ಐದು ವಾರದವಾಗಿದ್ದ ಬೆಕ್ಕುಗಳು ಚಳಿಗೆ ಅದರ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತವೆ. ಕೆಂಪಿ ಮಾತ್ರ ಕಣಜದಿಂದ ಕೆಳಗಿಳಿದರೂ ಒಂದು ಮಾರು ದೂರ ಬಿಟ್ಟೇ ಕೂರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಯನ್ನು ಬೆಕ್ಕುಗಳ ಜೊತೆ ಬಿಡಕೂಡದೆಂದು ನಾನು ಹಾಕಿದ ಕಟ್ಟಳೆ ಈಗಲೂ ಇದೆ. ಹುಳುಮನೆಗೆ ನಾಯಿಗೆ ಪ್ರವೇಶವಿಲ್ಲ. ಬರುವ ತಿಂಗಳು ಹೊಸ ಚಾಕಿ ಹುಳು ಬರುತ್ತದೆ. ಅಷ್ಟರೊಳಗೆ ಹುಳುಮನೆ ಬಾಗಿಲಿನ ಕೆಳಹಲಗೆ ಬದಲಾಯಿಸಬೇಕು; ಹಲ್ಲು ಬರುವಾಗ ಅರ್ಧ ಕಡಿದು ಹಾಕಿದೆ.