ನೀರಿಗಿಳಿದರೆ ಮಂಡಿ ಹಗುರ!

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ "ಅಯ್ಯಪ್ಪಾ, ಮಂಡಿ!" ಎನ್ನುವವರು ನಿಮ್ಮ ಮನೆಯಲ್ಲಿದ್ದಾರೆಯೇ? ಅತ್ತೆಯವರೋ, ಅಮ್ಮನೋ, ಅರವತ್ತರ ಹೊಸ್ತಿಲಲ್ಲಿರುವ ನೀವೇ ಇರಬಹುದು. ಡಾಕ್ಟರು "ದಿನಾ ಸ್ವಲ್ಪ ನಡೀರಿ" ಎನ್ನುತ್ತಾರೆ. ನಡೆದರೆ ನೋವು, ನಡೆಯದಿದ್ದರೆ ಕಾಲು ಇನ್ನಷ್ಟು ಬಿಗಿ. ಮೊದಲು ದೇವಸ್ಥಾನಕ್ಕೆ ಹೋಗುವುದು ನಿಲ್ಲುತ್ತದೆ. ಆಮೇಲೆ ಪಕ್ಕದ ಬೀದಿಯ ಅರಿಶಿನ ಕುಂಕುಮ. ಕೊನೆಗೆ ಜಗಲಿಯ ಕುರ್ಚಿಯೇ ಪ್ರಪಂಚ!

ಇಂಥವರಿಗೊಂದು ಒಳ್ಳೆಯ ಉಪಾಯವಿದೆ: ನೀರಿನಲ್ಲಿ ವ್ಯಾಯಾಮ. "ಅಯ್ಯೋ, ಈ ವಯಸ್ಸಲ್ಲಿ ಈಜು ಕಲೀಬೇಕೇ?" ಎಂದಿರಾ? ಈಜು ಬೇಡವೇ ಬೇಡ. ಎದೆಮಟ್ಟದ ನೀರಿನಲ್ಲಿ ನಿಂತು, ಕಂಬಿ ಹಿಡಿದು ಕೈಕಾಲು ಆಡಿಸಿದರಾಯಿತು. ತಲೆ ಕೂಡ ನೆನೆಯುವುದಿಲ್ಲ.

ಕೊಡದ ಗುಟ್ಟು

ಬಾವಿಯಿಂದ ನೀರು ಸೇದಿದವರಿಗೆ ಈ ಗುಟ್ಟು ಗೊತ್ತು. ತುಂಬಿದ ಕೊಡ ನೀರಿನೊಳಗಿರುವ ತನಕ ಹಗುರ. ಮೇಲೆ ಬಂದ ಕೂಡಲೇ ಕೈ ಜಗ್ಗುತ್ತದೆ. ನಮ್ಮ ಮೈಯೂ ಹಾಗೆಯೇ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧ, ಎದೆಯವರೆಗಿದ್ದರೆ ಸುಮಾರು ಮೂರನೇ ಒಂದು ಭಾಗ. ಅಂದರೆ 60 ಕಿಲೋ ತೂಕದವರ ಕಾಲಿಗೆ ಬೀಳುವುದು 20 ಕಿಲೋ ಮಾತ್ರ! ಜೊತೆಗೆ ನೀರು ಎದುರೊತ್ತುವುದರಿಂದ ಮಾಂಸಖಂಡಗಳಿಗೆ ಒಳ್ಳೆಯ ಕೆಲಸ ಸಿಗುತ್ತದೆ.

ಮಂಡಿ ಮತ್ತು ಸೊಂಟದ ಕೀಲು ಸವೆದವರ ಮೇಲೆ ನಡೆದ 13 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2016ರಲ್ಲಿ ಪರಿಶೀಲಿಸಿತು. ನೋವು ಸ್ವಲ್ಪ ಇಳಿಯಿತು, ಓಡಾಟ ಸ್ವಲ್ಪ ಸುಲಭವಾಯಿತು ಎಂಬುದು ಅದರ ತೀರ್ಮಾನ. ಇದು ಪವಾಡವಲ್ಲ. ಆದರೆ ಆ "ಸ್ವಲ್ಪ"ದಲ್ಲೇ ಮತ್ತೆ ದೇವಸ್ಥಾನದ ಮೆಟ್ಟಿಲು ಹತ್ತುವಂತಾದರೆ ಸಾಲದೇ?

ಮಾಡುವುದು ಹೇಗೆ?

1. ಕಂಬಿ ಹಿಡಿದು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ನಿಧಾನವಾಗಿ ನಡೆಯಿರಿ.

2. ನಿಂತಲ್ಲೇ ಒಂದೊಂದಾಗಿ ಮಂಡಿ ಮೇಲೆತ್ತಿ ಇಳಿಸಿ.

3. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು, ಮೆಲ್ಲಗೆ ಇಳಿಯಿರಿ.

4. ಕಾಲನ್ನು ನೇರವಾಗಿಟ್ಟು ಪಕ್ಕಕ್ಕೆ ಎತ್ತಿ ತನ್ನಿ.

5. ಅಂಗೈಯಿಂದ ನೀರನ್ನು ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೆಯಿರಿ.

ಒಂದೊಂದನ್ನೂ ಎಂಟು ಹತ್ತು ಸಲ ಮಾಡಿದರೆ ಸಾಕು. ಮೊದಲ ದಿನ ಹತ್ತೇ ನಿಮಿಷ. ಬರಬರುತ್ತಾ ಅರ್ಧ ಗಂಟೆ, ವಾರಕ್ಕೆ ಎರಡು ಮೂರು ದಿನ. ನೀರು ತೀರ ತಣ್ಣಗಿದ್ದರೆ ಕೀಲು ಬಿಗಿಯುತ್ತದೆ. ಬಿಸಿಲಿಗೆ ನೀರು ಕಾದ ಸಂಜೆಯ ವೇಳೆ ಅನುಕೂಲ.

ಎಚ್ಚರವಿರಲಿ

ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಫಿಟ್ಸ್ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಕೂಡದು. ಗಾಯ, ಜ್ವರ, ಭೇದಿ ಇದ್ದಾಗಲೂ ಬೇಡ. ಸಕ್ಕರೆ ಕಾಯಿಲೆಯವರು ಹಸಿದ ಹೊಟ್ಟೆಯಲ್ಲಿ ಹೋಗಬಾರದು, ಮನೆಗೆ ಬಂದು ಅಂಗಾಲು ನೋಡಿಕೊಳ್ಳಬೇಕು. ಹೊರಗೆ ಬರುವಾಗ ಕೊಡದ ಮಾತು ನೆನಪಿರಲಿ. ಮೈಭಾರವೆಲ್ಲ ಒಮ್ಮೆಗೇ ಕಾಲಿಗೆ ಬರುತ್ತದೆ, ತಲೆ ಸುತ್ತಲೂಬಹುದು. ಕಂಬಿ ಬಿಡದೆ, ಒಂದೊಂದೇ ಮೆಟ್ಟಿಲು ಹತ್ತಿ. ಮೂಳೆಯ ಗಟ್ಟಿತನಕ್ಕೆ ನೆಲದ ಮೇಲಿನ ನಡಿಗೆಯೂ ಬೇಕು, ಆದಷ್ಟು ನಡೆಯಿರಿ.

ಕೆರೆ, ಹೊಳೆ, ಕಲ್ಯಾಣಿ ಖಂಡಿತ ಬೇಡ. ಪಾಚಿ ಜಾರುತ್ತದೆ, ಆಳ ತಿಳಿಯುವುದಿಲ್ಲ. ನಿಮ್ಮ ಊರಿನ ಅಥವಾ ಹತ್ತಿರದ ಪಟ್ಟಣದ ಈಜುಕೊಳದಲ್ಲಿ ಹೆಂಗಸರಿಗೇ ಬೇರೆ ವೇಳೆ, ಆಳವಿಲ್ಲದ ಭಾಗ, ಕಂಬಿಯಿರುವ ಮೆಟ್ಟಿಲು, ಕಾವಲಿಗೆ ಈಜು ಬಲ್ಲವರು ಇದ್ದಾರೆಯೇ ಎಂದು ವಿಚಾರಿಸಿ. ಕೊಳವೇ ಇಲ್ಲವೇ? ಗಟ್ಟಿ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಇನ್ನೊಂದು ಕಾಲಿಗೂ ಹೀಗೇ. ಇದೂ ಮಂಡಿಗೆ ಬಲ ಕೊಡುತ್ತದೆ.

ನಾಚಿಕೆಯೇ ದೊಡ್ಡ ಅಡ್ಡಿ

ನಿಜ ಹೇಳಬೇಕೆಂದರೆ, ಹಿರಿಯರನ್ನು ತಡೆಯುವುದು ನೋವಿಗಿಂತ ಹೆಚ್ಚಾಗಿ "ನೋಡಿದವರು ಏನಂದಾರು?" ಎಂಬ ಅಳುಕು. ಸೀರೆ ಕಾಲಿಗೆ ಸುತ್ತಿಕೊಳ್ಳುವುದರಿಂದ ನೀರಿಗೆ ಒಗ್ಗದು. ತುಂಬು ತೋಳಿನ, ಕಣಕಾಲಿನವರೆಗೆ ಬರುವ ಈಜುಡುಗೆಗಳು ಈಗ ಸಿಗುತ್ತವೆ. ಮಾನಕ್ಕೆ ಕುಂದಿಲ್ಲ.

ಅತ್ತೆಯವರಿಗೆ ಬರಿ ಬುದ್ಧಿ ಹೇಳಿದರೆ ಸಾಲದು. ಮೊದಲ ದಿನ ನೀವೇ ಮುಂದಾಗಿ ನೀರಿಗಿಳಿದು, "ಬನ್ನಿ ಅತ್ತೆ, ನಾನಿದ್ದೀನಿ" ಎಂದು ಕೈ ಚಾಚಿ. ಹೊರಡುವ ಮುನ್ನ ಉಪ್ಪಿಟ್ಟಿಗೆ ರವೆ ಹುರಿದಿಡುವುದನ್ನು ಮಾತ್ರ ಮರೆಯಬೇಡಿ. ಮನೆಗೆ ಬಂದಾಗ ಇಬ್ಬರಿಗೂ ಹಸಿವಾಗಿರುತ್ತದೆ!