ಜೇನು ಘಟಕಗಳಲ್ಲಿ ಕುಟುಕಿನ ಅಪಾಯ: ಕೈಗಳ ರಕ್ಷಣೆ ಹಾಗೂ ತುರ್ತು ಸಿದ್ಧತೆ

ಕೊಡಗು ಹಾಗೂ ಮಲೆನಾಡಿನ ಜೇನು ವ್ಯವಹಾರದಲ್ಲಿ ಪೆಟ್ಟಿಗೆ, ಮೇಣದ ಹಾಳೆ, ಬಾಟಲಿ, ಸಾಗಾಣಿಕೆ ಇವುಗಳ ವೆಚ್ಚ ಲೆಕ್ಕಪುಸ್ತಕದಲ್ಲಿ ತಪ್ಪದೆ ಇರುತ್ತದೆ. ಕೆಲಸಗಾರರ ಕೈಗವಸಿನ ವೆಚ್ಚ ಮಾತ್ರ ಎಷ್ಟೋ ಘಟಕಗಳಲ್ಲಿ ಕಾಣಬರುವುದಿಲ್ಲ. ‘ತುಡುವೆ ಸಾಧು ಜೇನು, ಬರಿಗೈ ಸಾಕು’ ಎಂಬುದು ಇದಕ್ಕೆ ದೊರೆಯುವ ಸಮಜಾಯಿಷಿ. ತುಡುವೆಯ ಮಟ್ಟಿಗೆ, ಅದೂ ನುರಿತ ಕೈಗಳಲ್ಲಿ, ಈ ಮಾತು ಬಹುಪಾಲು ನಿಜವೇ. ಆದರೆ ಕೂಲಿಗೆ ಬಂದ ಹೊಸಬನಿಗೂ ಮೆಲ್ಲಿಫೆರಾ ತಳಿಯ ಪೆಟ್ಟಿಗೆಗಳನ್ನು ಲಾರಿಯಲ್ಲಿ ಸಾಗಿಸುವವನಿಗೂ ಇದನ್ನೇ ಅನ್ವಯಿಸುವುದು ಸರಿಯಲ್ಲ.

ಜೇನ್ನೊಣ ಕುಟುಕಿದಾಗ ಮುಳ್ಳು ವಿಷದ ಚೀಲದೊಡನೆ ಚರ್ಮದಲ್ಲಿಯೇ ಉಳಿಯುತ್ತದೆ. ಹೆಚ್ಚಿನ ವಿಷ ಮೊದಲ 20 ಸೆಕೆಂಡುಗಳಲ್ಲಿಯೇ ಒಳಸೇರುವುದರಿಂದ ಉಗುರಿನಿಂದಲೋ ಚಾಕುವಿನ ಅಂಚಿನಿಂದಲೋ ಎಂಬ ಚರ್ಚೆ ವ್ಯರ್ಥ. ಕೂಡಲೇ ತೆಗೆಯುವುದಷ್ಟೇ ಮುಖ್ಯ. ಮುಳ್ಳು ನಾಟಿದೆಡೆ ಮಾಗಿದ ಬಾಳೆಹಣ್ಣನ್ನು ಹೋಲುವ ವಾಸನೆಯೊಂದು ಹೊರಟು ಇತರ ನೊಣಗಳನ್ನು ಅಲ್ಲಿಗೇ ಸೆಳೆಯುತ್ತದೆ. ಆ ಜಾಗಕ್ಕೆ ಹೊಗೆತಿದಿಯಿಂದ ಹೊಗೆ ಹಾಯಿಸಿ ತೊಳೆದಲ್ಲಿ ಎರಡನೆಯ ಕುಟುಕು ತಪ್ಪೀತು.

ಕೈಗವಸು ದಪ್ಪವಾದಷ್ಟೂ ಉತ್ತಮ ಎಂಬ ಭಾವನೆ ತಪ್ಪು. ದಪ್ಪ ಚರ್ಮದ ಗವಸಿನಲ್ಲಿ ಬೆರಳುಗಳಿಗೆ ಸ್ಪರ್ಶಜ್ಞಾನವಿರದೆ ಚೌಕಟ್ಟು ಎತ್ತುವಾಗ ನೊಣಗಳು ನಲುಗುತ್ತವೆ. ನಲುಗಿದ ನೊಣದಿಂದ ಇಡೀ ಕುಟುಂಬ ಕೆರಳುತ್ತದೆ. ಅಲ್ಲದೆ ಹಳೆಯ ಕುಟುಕುಗಳ ವಾಸನೆಯೂ ಚರ್ಮದಲ್ಲಿ ಉಳಿಯುವುದರಿಂದ ಅದನ್ನು ಆಗಾಗ್ಗೆ ತೊಳೆಯಬೇಕು. ಸಾಗಾಣಿಕೆಗೆ ಮೊಣಕೈವರೆಗಿನ ಚರ್ಮದ ಗವಸು, ದಿನನಿತ್ಯದ ಪರೀಕ್ಷೆಗೆ ತೆಳುವಾದ ನೈಟ್ರೈಲ್ ಗವಸು ಸೂಕ್ತ. ನೈಟ್ರೈಲ್ ಕುಟುಕನ್ನು ಪೂರ್ತಿ ತಡೆಯದು, ಕಡಿಮೆ ಮಾಡುತ್ತದೆ. ಗವಸು ಯಾವುದೇ ಇರಲಿ, ಪೆಟ್ಟಿಗೆ ತೆರೆಯುವ ಮುನ್ನ ಉಂಗುರ ತೆಗೆದಿಡಬೇಕು. ಬೆರಳು ಊದಿಕೊಂಡ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾದೀತು.

ಕೈ ಮೊಣಕೈವರೆಗೆ ಊದಿ ಎರಡು ದಿನ ಹೆಚ್ಚುತ್ತಾ ಹೋದರೂ ಅದು ಸಾಮಾನ್ಯವಾಗಿ ಪ್ರಾಣಾಪಾಯವಲ್ಲ. ತಣ್ಣೀರು ಪಟ್ಟಿ ಹಾಗೂ ವೈದ್ಯರು ಸೂಚಿಸಿದ ಅಲರ್ಜಿ ಮಾತ್ರೆ ಸಾಕು. ಕುಟುಕಿದ ಜಾಗದಿಂದ ದೂರದಲ್ಲಿ ಕಾಣುವ ಲಕ್ಷಣಗಳೇ ಅಪಾಯಸೂಚಕ: ಮೈತುಂಬ ದದ್ದು, ತುಟಿ-ನಾಲಿಗೆಯ ಊತ, ಉಸಿರಾಟದ ತೊಂದರೆ, ತಲೆಸುತ್ತು, ವಾಂತಿ. ಆಗ ತೊಡೆಯ ಹೊರಭಾಗದ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಮಾತ್ರೆ ಅದಕ್ಕೆ ಬದಲಿಯಲ್ಲ. ವಿದೇಶಗಳಲ್ಲಿ ಜೇನುಗಾರರು ಜೇಬಿನಲ್ಲಿಟ್ಟುಕೊಳ್ಳುವ ಅಡ್ರಿನಲಿನ್ ಪೆನ್ ನಮ್ಮಲ್ಲಿ ಸುಲಭವಾಗಿ ದೊರೆಯದಿರುವುದರಿಂದ ಈ ಚುಚ್ಚುಮದ್ದು ಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂಬುದನ್ನು ಹಂಗಾಮಿಗೆ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ವಾಹನ ಬರುವವರೆಗೆ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು, ಎಬ್ಬಿಸಿ ನಡೆಸಕೂಡದು; ಉಸಿರಾಟ ಕಷ್ಟವಾದಲ್ಲಿ ಒರಗಿಸಿ ಕೂರಿಸಬಹುದು. ವರ್ಷಗಟ್ಟಲೆ ಕುಟುಕಿಸಿಕೊಂಡವರಿಗೂ ಇಂತಹ ಪ್ರತಿಕ್ರಿಯೆ ಒಮ್ಮೆಲೇ ಬರಬಹುದು. ಹೆಜ್ಜೇನಿನ ದಾಳಿಯಲ್ಲಾದರೋ, ನೂರಾರು ಕುಟುಕುಗಳು ಬಿದ್ದರೆ ಅಲರ್ಜಿಯಿಲ್ಲದವರ ಮೂತ್ರಪಿಂಡಕ್ಕೂ ಹಾನಿಯಾದೀತು.

ಕೆಲಸದ ಕಾರಣದಿಂದ ಉಂಟಾದ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬ ತತ್ತ್ವ 1923ರ ಕಾಯ್ದೆಯಿಂದ ಬಂದುದಾಗಿದ್ದು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ವಿಮೆ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಮೊಜಾಂಬಿಕ್‌ನಲ್ಲಿ ಸೊಳ್ಳೆ ಕಚ್ಚಿ ಮಲೇರಿಯಾದಿಂದ ಸಂಭವಿಸಿದ ಸಾವನ್ನು ಅಪಘಾತವೆಂದು ಪರಿಗಣಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿದೆ. ಜೇನಿನ ಕುಟುಕು ಅದಕ್ಕಿಂತ ಭಿನ್ನವೆಂದು ವಾದಿಸಬಹುದಾದರೂ, ಪಾಲಿಸಿಯಲ್ಲಿ ಕೀಟಗಳ ಬಗ್ಗೆ ಏನಿದೆಯೆಂಬುದನ್ನು ಪ್ರೀಮಿಯಂ ಕಟ್ಟುವ ಮುನ್ನವೇ ಓದಿ, ಅಸ್ಪಷ್ಟವಿದ್ದಲ್ಲಿ ಕಂಪನಿಯಿಂದ ಲಿಖಿತ ಉತ್ತರ ಪಡೆದು ಕಡತದಲ್ಲಿರಿಸತಕ್ಕದ್ದು.