ಉಂಗುರ ಅಳಿಸಿದವರು ಬೆಂಗಳೂರಿಗೆ ಬಂದಿದ್ದರು

ಹದಡಿಯಿರಲಿ, ದಾವಣಗೆರೆಯಿರಲಿ, ಶಾಲೆಯ ಕರಿಹಲಗೆಯ ಮೇಲೆ ಬಿಡಿಸುವ ಸೋಡಿಯಂ ಪರಮಾಣು ಒಂದೇ ತೆರ. ನಡುವೆ ನ್ಯೂಕ್ಲಿಯಸ್, ಸುತ್ತ ಮೂರು ಉಂಗುರ, ಅವುಗಳ ಮೇಲೆ 2, 8, 1 ಎಂದು ಎಲೆಕ್ಟ್ರಾನುಗಳು. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಮಾದರಿಯ ನೆರಳಿದು. ಲೆಕ್ಕ ಸರಿ, ಚಿತ್ರ ಮಾತ್ರ ತಪ್ಪು. ಅದನ್ನು ತಿದ್ದಿದವರಲ್ಲೊಬ್ಬರು ಬೆಂಗಳೂರಿನಲ್ಲೂ ಕೆಲಸ ಮಾಡಿದ್ದರೆಂಬುದು ಹೆಚ್ಚಿನವರಿಗೆ ತಿಳಿಯದು.

ಅವರು ಜರ್ಮನಿಯ ಮ್ಯಾಕ್ಸ್ ಬಾರ್ನ್. ಎಲೆಕ್ಟ್ರಾನ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದು, ಎಲ್ಲಿ ಸಿಕ್ಕೀತು ಎಂಬ ಸಂಭವವನ್ನಷ್ಟೇ ಹೇಳಬಹುದು ಎಂದು ಅವರು 1926ರಲ್ಲಿ ವಿವರಿಸಿದರು. ಅಂದರೆ ಉಂಗುರವಲ್ಲ, ಮೋಡ. ಮೋಡ ದಟ್ಟವಾಗಿರುವಲ್ಲಿ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚು. ಇದಕ್ಕೆ ಆರ್ಬಿಟಲ್ ಎಂದು ಹೆಸರು. ಒಂದು ಆರ್ಬಿಟಲ್‌ನಲ್ಲಿ ಎರಡು ಎಲೆಕ್ಟ್ರಾನುಗಳಿಗಷ್ಟೇ ಜಾಗ. ಇದು 1925ರ ಪೌಲಿ ನಿಯಮದ ಫಲ. ಮೊದಲ ಮಟ್ಟದಲ್ಲಿ ಒಂದೇ ಆರ್ಬಿಟಲ್, ಎರಡನೆಯದರಲ್ಲಿ ನಾಲ್ಕು. ಆದ್ದರಿಂದಲೇ ಮೊದಲು 2, ಆಮೇಲೆ 8. ಸೋಡಿಯಂನ ಹನ್ನೊಂದನೆಯದು ಮೂರನೆಯ ಮಟ್ಟದಲ್ಲಿ ಒಂಟಿ. ಅದನ್ನು ಕ್ಲೋರಿನ್ನಿಗೆ ಬಿಟ್ಟುಕೊಟ್ಟರೆ ನಮ್ಮ ಅಡುಗೆಮನೆಯ ಉಪ್ಪು!

ಬಾರ್ನ್ ಯೆಹೂದಿ ಮೂಲದವರು. 1933ರಲ್ಲಿ ನಾಜಿ ಆಡಳಿತ ಗಟ್ಟಿಂಗೆನ್ ವಿಶ್ವವಿದ್ಯಾಲಯದಿಂದ ಅವರನ್ನು ಹೊರಗಿಟ್ಟಿತು. ಸರ್ ಸಿ.ವಿ. ರಾಮನ್ 1935ರಲ್ಲಿ ಅವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಕಾಯಂ ಹುದ್ದೆ ಕೊಡಿಸಲೂ ಹೆಣಗಿದರು. ಸಂಸ್ಥೆಯೊಳಗೇ ವಿರೋಧ ಎದ್ದಿತು, ಕೈಗೂಡಲಿಲ್ಲ. ಸುಮಾರು ಆರು ತಿಂಗಳಿದ್ದು ಬಾರ್ನ್ ಹೊರಟರು. 1936ರಲ್ಲಿ ಎಡಿನ್‌ಬರೊ ಅವರಿಗೆ ಕುರ್ಚಿ ಕೊಟ್ಟಿತು. ಸಂಭವದ ಆ ವಿವರಣೆಗೆ ನೊಬೆಲ್ ಬಂದದ್ದು 1954ರಲ್ಲಿ, ಅವರು ನಿವೃತ್ತರಾದ ಮೇಲೆ.